360 ಡಿಗ್ರಿ ಫೋಟೋದಲ್ಲಿ ರೂಮು ದೊಡ್ಡದಾಗಿ ಕಾಣೋದು ಯಾಕೆ?

ಇಂಟರ್ನ್‌ಶಿಪ್ ಸಿಕ್ಕಿದ ಊರಲ್ಲಿ ರೂಮು ಹುಡುಕೋಕೆ ಹೊರಟ್ರೆ ಈಗ ವರ್ಚುವಲ್ ಟೂರ್ ಲಿಂಕ್ ಕಳಿಸ್ತಾರೆ. ಬೆರಳಲ್ಲಿ ತಿರುಗಿಸಿದ್ರೆ ಹಾಲು, ಅಡುಗೆಮನೆ, ಬಾಲ್ಕನಿ ಎಲ್ಲ ಕಾಣುತ್ತೆ. ಅದನ್ನು ನಂಬಿ ಅಡ್ವಾನ್ಸ್ ಕಳಿಸೋ ಮೊದಲು ಆ ಚಿತ್ರ ಹೇಗೆ ತಯಾರಾಗುತ್ತೆ ಅಂತ ನೋಡೋಣ.

ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಸುತ್ತ ತಿರುಗಿಸುತ್ತಾ, ಪಕ್ಕಪಕ್ಕದ ಫೋಟೋಗಳು ಸುಮಾರು ಕಾಲು ಭಾಗ ಒಂದರ ಮೇಲೊಂದು ಬರೋ ಹಾಗೆ ತೆಗೀತಾರೆ. ಹಗಿನ್‌ನಂಥ ಉಚಿತ ತಂತ್ರಾಂಶ ಎರಡು ಫೋಟೋಗಳಲ್ಲೂ ಇರುವ ಗುರುತುಗಳನ್ನು (ಸ್ವಿಚ್‌ಬೋರ್ಡಿನ ಮೂಲೆ, ಟೈಲ್ಸ್ ಸಂದು) ಹುಡುಕಿ ಹೊಂದಿಸಿ ಹೊಲಿಯುತ್ತೆ. ಹೀಗೆ ಗುರುತು ಹುಡುಕುವ ಪ್ರಸಿದ್ಧ ವಿಧಾನ ಸಿಫ್ಟ್, 1999ರಲ್ಲಿ ಡೇವಿಡ್ ಲೋ ಕೊಟ್ಟಿದ್ದು. ಬರೀ ಬಿಳಿ ಗೋಡೆಯಾದ್ರೆ ಪಾಪ, ಅದಕ್ಕೂ ಏನೂ ಸಿಗಲ್ಲ.

ಮುಖದ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಜಿಗಿಯುತ್ತೆ. ಇದೇ ಪ್ಯಾರಲಾಕ್ಸ್. ದೂರದ ಬೆಟ್ಟದ ಫೋಟೋಗೆ ಇದು ಲೆಕ್ಕಕ್ಕಿಲ್ಲ. ಆದ್ರೆ ಮನೆಯೊಳಗೆ ಕುರ್ಚಿ ಹತ್ತಿರ, ಗೋಡೆ ದೂರ. ಆದ್ದರಿಂದ ಕ್ಯಾಮೆರಾ ತನ್ನ ಬಾಡಿಯ ಸುತ್ತ ಅಲ್ಲ, ಲೆನ್ಸಿನ ಎಂಟ್ರೆನ್ಸ್ ಪ್ಯೂಪಿಲ್ ಸುತ್ತ ತಿರುಗಬೇಕು. ಇಲ್ಲದಿದ್ರೆ ಕುರ್ಚಿಯ ಕಾಲು ಎರಡು ತುಂಡಾಗಿ ಬರುತ್ತೆ.

ಹೊಲಿದ ಮೇಲೆ ಸಿಗೋದು 2:1 ಅಳತೆಯ ಚಿತ್ರ, ಉದಾಹರಣೆಗೆ 8192×4096 ಪಿಕ್ಸೆಲ್. ಅಡ್ಡಕ್ಕೆ 360 ಡಿಗ್ರಿ, ಉದ್ದಕ್ಕೆ 180.

ಕಣ್ಣಿಗೆ ಮೋಸ ಆಗೋದು ಸ್ಕ್ರೀನ್ ಮೇಲೆ. 15 ಸೆಂ.ಮೀ. ಅಗಲದ ಮೊಬೈಲನ್ನು 30 ಸೆಂ.ಮೀ. ದೂರ ಹಿಡಿದ್ರೆ ಅದು ನಮ್ಮ ದೃಷ್ಟಿಯಲ್ಲಿ ಸುಮಾರು 28 ಡಿಗ್ರಿ ಮಾತ್ರ. ಅದರೊಳಗೆ 90 ಡಿಗ್ರಿ ನೋಟ ತುರುಕಿದ್ರೆ ಎದುರಿನ ಗೋಡೆ ನಾಲ್ಕರಲ್ಲಿ ಒಂದು ಪಾಲಿಗೆ ಕುಗ್ಗುತ್ತೆ. ಚಿಕ್ಕದಾಗಿ ಕಂಡಿದ್ದನ್ನು ಮಿದುಳು ದೂರ ಅಂದ್ಕೊಳ್ಳುತ್ತೆ. ಓನರ್ ಬೇಕಂತಲೇ ಮಾಡಿದ್ದು ಅಂತೇನಿಲ್ಲ.

ಆದ್ರೆ ಅದೇ ಚಿತ್ರದಲ್ಲಿ ನಿಜವಾದ ಅಳತೆಯೂ ಇದೆ. ಪೂರ್ತಿ ಚಿತ್ರ ಸಿಕ್ಕಿದ್ರೆ, ಅದು ಲೆವೆಲ್ಲಾಗಿದ್ರೆ, ನಡುವಿನ 2048ನೇ ಸಾಲು ಕ್ಯಾಮೆರಾದ ಎತ್ತರ. ಗೋಡೆಯ ಬುಡ ಅಲ್ಲಿಂದ 683 ಸಾಲು ಕೆಳಗಿದ್ರೆ ಕೋನ 683×180/4096, ಅಂದ್ರೆ 30 ಡಿಗ್ರಿ. ಕ್ಯಾಮೆರಾ 1.5 ಮೀಟರ್ ಎತ್ತರದಲ್ಲಿದ್ರೆ ಗೋಡೆಯ ದೂರ 1.5/ಟ್ಯಾನ್ 30, ಅಂದ್ರೆ 2.6 ಮೀಟರ್. ಎದುರಿನ ಗೋಡೆಗೂ ಹೀಗೇ ಮಾಡಿ ಕೂಡಿಸಿದ್ರೆ ರೂಮಿನ ಉದ್ದ ಬಂತು. ಕ್ಯಾಮೆರಾದ ಎತ್ತರ ಗೊತ್ತಿಲ್ವಾ? ಬಾಗಿಲು ಸುಮಾರು 7 ಅಡಿ ಅಂತ ಹಿಡೀರಿ. ಅದರ ಮೇಲ್ತುದಿಯ, ಬುಡದ ಕೋನಗಳಿಂದ ಎತ್ತರವೂ ಸಿಗುತ್ತೆ.

ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನೋರು ನೆಲದ ಟೈಲ್ಸ್ ಎಣಿಸಿ. ಒಂದು ಟೈಲ್ ಎಷ್ಟು ಅಡಿ ಅಂತ ಓನರ್‌ಗೆ ಮೆಸೇಜ್ ಹಾಕಿ ಕೇಳಿದ್ರೆ ಸಾಕು.