ಜಪಾನಿ ವಾಕ್ಯ, ಕನ್ನಡದ ನಡೆ

ಕಳೆದ ತಿಂಗಳ ಒಂದು ಶನಿವಾರ ಅಲ್ ಬರ್ಷಾದ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ನಾವು ಕೆಲವರು ಸೇರಿದ್ದೆವು. ಅವರ ಮಗ ಜಪಾನಿ ಭಾಷೆಯ ಐದು ಹಂತದ ಪರೀಕ್ಷೆಗಳಲ್ಲಿ ಮೊದಲನೆಯದಾದ ಎನ್5ಕ್ಕೆ ಓದುತ್ತಿದ್ದ. ಪದಗಳೆಲ್ಲ ಬಾಯಿಪಾಠ, ವಾಕ್ಯ ಮಾತ್ರ ಕೂಡುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಯೋಚಿಸಿ, ಕ್ರಿಯಾಪದವನ್ನು ನಡುವೆ ತಂದಿಡುತ್ತಿದ್ದ.

"ಅದನ್ನೇ ಕನ್ನಡದಲ್ಲಿ ಹೇಳು ಮರಿ" ಎಂದರು ತಾಯಿ.

"ನಾನು ಓದ್ತೀನಿ ಪುಸ್ತಕ" ಎಂದ.

ನಾವು ನಕ್ಕೆವು, ತಾಯಿ ನಗಲಿಲ್ಲ. ನಮ್ಮ ಮನೆಗಳ ಮಕ್ಕಳ ಮಾತೂ ಹೀಗೇ ಆಗುತ್ತಿದೆಯಲ್ಲ ಎಂದು ಆಮೇಲೆ ಹೊಳೆಯಿತು.

ಅಂದು ಎಲ್ಲರೂ ಸೇರಿ ಅವನ ಪಾಠಪುಸ್ತಕವನ್ನು ಬಿಡಿಸಿ ಕುಳಿತೆವು. 'ವತಶಿ ವ ಹೊನ್ ಒ ಯೊಮಿಮಸ್.' ವತಶಿ ಎಂದರೆ ನಾನು, ಹೊನ್ ಪುಸ್ತಕ, 'ಒ' ನಮ್ಮ 'ಅನ್ನು', ಕೊನೆಗೆ ಓದುತ್ತೇನೆ. ಯಾರ ವಿಷಯ ಎಂದು ತೋರಿಸುವ 'ವ' ಒಂದನ್ನು ಬಿಟ್ಟರೆ ಇದು ಕನ್ನಡದ್ದೇ ಕ್ರಮ. 'ದುಬೈಗೆ' ಎನ್ನಲು 'ದುಬೈ ನಿ', 'ದುಬೈಯಿಂದ' ಎನ್ನಲು 'ದುಬೈ ಕರ'. ಎಲ್ಲವೂ ನಾಮಪದದ ಹಿಂದೆಯೇ. ಪ್ರಶ್ನೆಗೆ ನಾವು 'ಆ' ಸೇರಿಸುವಂತೆ ಅವರು 'ಕ' ಸೇರಿಸುತ್ತಾರೆ: 'ಇಕಿಮಸ್ ಕ?', ಹೋಗುತ್ತೀರಾ? 'ನಿನ್ನೆ ಕೊಂಡ ಪುಸ್ತಕ' ಎಂಬುದು 'ಕಿನೋ ಕತ್ತ ಹೊನ್', ಪದಕ್ಕೆ ಪದ. ನಮ್ಮ 'ತಿಂದು ನೋಡುತ್ತೇನೆ' ಅವರ ಬಾಯಲ್ಲಿ 'ತಬೆತೆ ಮಿಮಸ್'. ಅಲ್ಲಿಯೂ ರುಚಿ ನೋಡುವುದು 'ನೋಡು' ಎಂಬ ಕ್ರಿಯಾಪದದಿಂದಲೇ!

ಕನ್ನಡಕ್ಕಿಂತ ಸುಲಭವಾದದ್ದೂ ಒಂದುಂಟು. ನಾನು, ನೀನು, ಅವನು, ಅವಳು, ಯಾರು ಓದಿದರೂ 'ಯೊಮಿಮಸ್' ಒಂದೇ.

ಹಾಗೆಂದು ಜಪಾನಿ ನಮ್ಮ ದಾಯಾದಿ ಭಾಷೆ ಎಂದು ಯಾರೂ ಹಿಗ್ಗಬೇಕಾಗಿಲ್ಲ. ಅದಕ್ಕೂ ತಮಿಳಿಗೂ ನಂಟಿದೆ ಎಂದು ಜಪಾನಿನ ವಿದ್ವಾಂಸ ಸುಸುಮು ಓನೊ ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ನಂಟಿಲ್ಲದೆಯೂ ನಡೆ ಹೋಲಬಹುದು.

ಹುಡುಗ ಈಗ ಪ್ರತಿ ವಾಕ್ಯವನ್ನೂ ಮೊದಲು ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ. ವಿಭಕ್ತಿ ಅನುಮಾನವಾದರೆ ಊರಿಗೆ ಫೋನ್ ಮಾಡಿ ಅಜ್ಜಿಯನ್ನು ಕೇಳುತ್ತಾನೆ. ಅಜ್ಜಿಗೆ ಜಪಾನಿ ಬಾರದು. ಮೊಮ್ಮಗನೊಡನೆ ಮಾತಾಡಲು ಒಂದು ನೆಪ ಸಿಕ್ಕಿದೆ.

ಮಕ್ಕಳಿಗೊಂದು ಮನೆಪಾಠ: ಬಸು ಎಂದರೆ ಬಸ್ಸು, 'ದೆ' ಎಂದರೆ ಇಲ್ಲಿ 'ಅಲ್ಲಿ' ವಿಭಕ್ತಿ, ಕಿಮಶಿತ ಎಂದರೆ ಬಂದೆ. 'ಅಬುಧಾಬಿಯಿಂದ ಬಸ್ಸಿನಲ್ಲಿ ಬಂದೆ' ಎಂಬುದನ್ನು ಜಪಾನಿಯಲ್ಲಿ ಹೇಳಿ. ಕನ್ನಡ ಬಂದರೆ ಉತ್ತರ ತಪ್ಪದು.