ಮೂರು ಬಾರಿ ಹೊತ್ತಿದ ಗುಡ್ಡ

ಅಮೆರಿಕದ ಸಿನ್ಸಿನಾಟಿಯಿಂದ ಒಹಾಯೊ ನದಿಯ ಸೇತುವೆ ದಾಟಿದರೆ ರಾಜ್ಯವೇ ಬದಲಾಗುತ್ತದೆ. ಆಚೆ ದಡದ ನ್ಯೂಪೋರ್ಟ್ ಕೆಂಟಕಿಗೆ ಸೇರಿದ್ದು. ಅಲ್ಲಿಂದ 27ನೇ ನಂಬರಿನ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಏರಿದರೆ ಕೆಲವೇ ನಿಮಿಷಗಳಲ್ಲಿ ಸೌತ್‌ಗೇಟ್ ಎಂಬ ಪುಟ್ಟ ಊರು ಸಿಗುತ್ತದೆ. ರಸ್ತೆ ಬದಿಯಲ್ಲೊಂದು ಚರಿತ್ರೆಯ ಫಲಕ ಇದೆ. ಅದರ ಹಿಂದಿನ ಗುಡ್ಡದ ನೆತ್ತಿಯ ಮೇಲೆ ಒಂದು ಕಾಲಕ್ಕೆ ಬೆವರ್ಲಿ ಹಿಲ್ಸ್ ಸಪ್ಪರ್ ಕ್ಲಬ್ ಇತ್ತು. ಊಟ, ಕುಡಿತ, ಹಾಡು, ಹಾಸ್ಯ ಎಲ್ಲವೂ ಒಂದೇ ಸೂರಿನಡಿ ಸಿಗುತ್ತಿದ್ದ ಜಾಗ. 1977ರ ಮೇ 28ರ ರಾತ್ರಿ ಅದು ಹೊತ್ತಿ ಉರಿಯಿತು. ತಿಂಗಳುಗಟ್ಟಲೆ ನರಳಿ 1978ರಲ್ಲಿ ಪ್ರಾಣ ಬಿಟ್ಟವರನ್ನೂ ಸೇರಿಸಿ ಸತ್ತವರು 165 ಮಂದಿ. ಆಮೇಲೆ ನಾಲ್ಕು ದಶಕ ಗುಡ್ಡ ಪಾಳುಬಿತ್ತು, ಗಿಡಗಂಟಿ ಬೆಳೆಯಿತು. ಮನೆ ಕಟ್ಟುವ ಯೋಜನೆ ಬಂದದ್ದು ಈಚೆಗೆ.

‘ಅದು ಅವಘಡವಲ್ಲ, ಮಾಫಿಯಾ ಕೆಲಸ’ ಎನ್ನುವವರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವ ಮುಂಚೆ ಈ ಜಾಗದ ಹಿಂದಿನ ಕತೆ ಕೇಳಬೇಕು.

ಪಾನನಿಷೇಧದ ಕಾಲದಲ್ಲಿ ಕಳ್ಳಸಾರಾಯಿ ಮಾರಿ ದುಡ್ಡು ಮಾಡಿದ ಪೀಟ್ ಸ್ಮಿಟ್ ಎಂಬಾತ 1930ರ ದಶಕದಲ್ಲಿ ಇಲ್ಲಿ ಕ್ಲಬ್ ತೆರೆದ. ಜೂಜಿನ ಮೇಜುಗಳು ಭರ್ತಿಯಾದವು. ಕ್ಲೀವ್‌ಲ್ಯಾಂಡ್ ಸಿಂಡಿಕೇಟ್ ಎಂಬ ಗ್ಯಾಂಗಿನ ಕಣ್ಣು ಅದರ ಮೇಲೆ ಬಿತ್ತು. ಮಾರು ಎಂದರು, ಸ್ಮಿಟ್ ಒಪ್ಪಲಿಲ್ಲ. 1936ರಲ್ಲಿ ಕ್ಲಬ್ಬಿಗೆ ಬೆಂಕಿ ಬಿತ್ತು. ಅಲ್ಲಿ ವಾಸವಿದ್ದ 5 ವರ್ಷದ ಹುಡುಗಿಯೊಬ್ಬಳು ಸತ್ತಳು. ಸ್ಮಿಟ್ ಮತ್ತೆ ಕಟ್ಟಿದ. ಆದರೆ ಹೆಚ್ಚು ಕಾಲ ತಡೆಯಲಾಗಲಿಲ್ಲ, ಕ್ಲಬ್ ಸಿಂಡಿಕೇಟಿನ ಕೈಸೇರಿತು.

ಆ ನಂತರದ ಎರಡು ದಶಕ ನ್ಯೂಪೋರ್ಟಿನಲ್ಲಿ ಜೂಜು, ವೇಶ್ಯಾವಾಟಿಕೆ ಬಹಿರಂಗವಾಗಿಯೇ ನಡೆದವು. ಪೊಲೀಸರಿಗೆ ಮಾಮೂಲು ಸಲ್ಲುತ್ತಿತ್ತು. ‘ಸಿನ್ ಸಿಟಿ’ ಎಂಬ ಅಡ್ಡಹೆಸರು ಲಾಸ್ ವೇಗಸ್‌ಗಿಂತ ಮೊದಲು ಈ ಊರಿಗೇ ಅಂಟಿತ್ತು ಎಂದು ಇಲ್ಲಿಯವರು ಹೇಳಿಕೊಳ್ಳುವುದುಂಟು. 1961ರಲ್ಲಿ ಮಾಜಿ ಫುಟ್ಬಾಲ್ ಆಟಗಾರ ಜಾರ್ಜ್ ರಾಟರ್ಮನ್, ಊರನ್ನು ಚೊಕ್ಕಟ ಮಾಡುತ್ತೇನೆಂದು ಶೆರಿಫ್ ಚುನಾವಣೆಗೆ ನಿಂತರು. ಅವರ ಪಾನೀಯಕ್ಕೆ ಮತ್ತಿನ ಔಷಧ ಬೆರೆಸಿ, ನರ್ತಕಿಯೊಬ್ಬಳ ಜತೆ ಹಾಸಿಗೆಯಲ್ಲಿ ಮಲಗಿಸಿ, ಪೊಲೀಸರನ್ನೇ ಕರೆಸಿ ಬಂಧಿಸಿದರು! ಸಿನಿಮಾದಲ್ಲಿ ಬರೆದರೆ ಅತಿಯಾಯಿತು ಎನ್ನುವಂಥ ಸಂಚು. ರಕ್ತಪರೀಕ್ಷೆಯಲ್ಲಿ ಔಷಧ ಪತ್ತೆಯಾಗಿ ಕೇಸು ಬಿದ್ದುಹೋಯಿತು, ರಾಟರ್ಮನ್ ಗೆದ್ದರು. ಜೂಜುಕೋರರು ಗಂಟುಮೂಟೆ ಕಟ್ಟಿದರು.

1969ರಲ್ಲಿ ಹೊಸ ಮಾಲೀಕರು ಕ್ಲಬ್ ಕೊಂಡರು. ದುರಸ್ತಿ ನಡೆಯುತ್ತಿದ್ದಾಗಲೇ, 1970ರಲ್ಲಿ, ಮತ್ತೆ ಬೆಂಕಿ. ಅದೂ 1977ರ ಮೂರನೆಯ ಬೆಂಕಿಗೆ ಸಂಶಯ ಹಚ್ಚಲು ಸಾಕಾಯಿತು.

ಆ ಮೂರನೆಯದರ ಮೂಲ ಜೀಬ್ರಾ ರೂಮ್ ಎಂಬ ಚಿಕ್ಕ ಕೋಣೆ. ಅಲ್ಲಿ ಮದುವೆ ಪಾರ್ಟಿ ಮಾಡುತ್ತಿದ್ದವರು ಸೆಕೆ ಹೆಚ್ಚಾಯಿತೆಂದು ಗೊಣಗುತ್ತ ರಾತ್ರಿ ಎಂಟೂವರೆ ಹೊತ್ತಿಗೆ ಎದ್ದು ಹೋಗಿದ್ದರು. ಒಂಬತ್ತರ ಸುಮಾರಿಗೆ ಹೊಗೆ ಕಂಡಿತು. ಸಿಬ್ಬಂದಿ ತಾವೇ ಆರಿಸಲು ನೋಡಿ ಅಮೂಲ್ಯ ನಿಮಿಷಗಳನ್ನು ಕಳೆದರು. ಕಟ್ಟಡದ ಇನ್ನೊಂದು ತುದಿಯ ಕ್ಯಾಬರೆ ರೂಮಿನಲ್ಲಿ ಗಾಯಕ ಜಾನ್ ಡೇವಿಡ್ಸನ್‌ಗಾಗಿ ಜನ ಕಾದಿದ್ದರು. ಸುಮಾರು 600 ಮಂದಿ ಹಿಡಿಸುವ ಆ ಸಭಾಂಗಣದಲ್ಲಿ, ಕೆಲವರ ಲೆಕ್ಕದಂತೆ, 1300ರವರೆಗೂ ಜನರಿದ್ದರು. ಓಡಾಡುವ ದಾರಿಯಲ್ಲೂ ಕುರ್ಚಿ ಹಾಕಿದ್ದರು.

ವೇದಿಕೆಯಲ್ಲಿ ಇಬ್ಬರು ಹಾಸ್ಯಗಾರರು ನಗಿಸುತ್ತಿದ್ದರು. ಟೇಬಲ್ ಕ್ಲೀನ್ ಮಾಡುವ 18 ವರ್ಷದ ಹುಡುಗನೊಬ್ಬ ಯಾರ ಅಪ್ಪಣೆಗೂ ಕಾಯದೆ ವೇದಿಕೆ ಹತ್ತಿ ಮೈಕ್ ಹಿಡಿದ. ಬೆಂಕಿ ಬಿದ್ದಿದೆ, ಹೊರಡಿ ಎಂದು ಬಾಗಿಲುಗಳನ್ನು ಕೈಮಾಡಿ ತೋರಿಸಿದ. ಇದೂ ಹಾಸ್ಯದ ಭಾಗವೆಂದು ಕೆಲವರು ಕೂತೇ ಇದ್ದರು. ಎದ್ದವರಲ್ಲಿ ನೂರಾರು ಜನ ಬದುಕಿಕೊಂಡರು. ಕೆಲವೇ ನಿಮಿಷಗಳಲ್ಲಿ ಕಪ್ಪು ಹೊಗೆ ನುಗ್ಗಿತು, ದೀಪ ಹೋಯಿತು. ಸತ್ತವರಲ್ಲಿ ಹೆಚ್ಚಿನವರು ಸಿಕ್ಕಿದ್ದು ಬಾಗಿಲುಗಳ ಬಳಿಯೇ, ಒಬ್ಬರ ಮೇಲೊಬ್ಬರು.

ತನಿಖೆಯಲ್ಲಿ ಹೊರಬಿದ್ದದ್ದು ಗ್ಯಾಂಗ್‌ಸ್ಟರ್ ಅಲ್ಲ. ಸ್ಪ್ರಿಂಕ್ಲರ್ ಇರಲಿಲ್ಲ, ಎಚ್ಚರಿಕೆಯ ಗಂಟೆ ಇರಲಿಲ್ಲ, ಬೇಕಾದಷ್ಟು ಬಾಗಿಲುಗಳಿರಲಿಲ್ಲ. ಕೋಣೆಗೆ ಕೋಣೆ ಸೇರಿಸುತ್ತ ಬೆಳೆಸಿದ ಕಟ್ಟಡ, ತಪಾಸಣೆಯ ಹೆಸರಿನಲ್ಲಿ ಕಣ್ಣುಮುಚ್ಚಿದ ಅಧಿಕಾರಿಗಳು. ಬೆಂಕಿಗೆ ವಿದ್ಯುತ್ ದೋಷವೇ ಕಾರಣವೆಂದರು. ವಕೀಲ ಸ್ಟಾನ್ಲಿ ಚೆಸ್ಲಿ ಅಲ್ಯೂಮಿನಿಯಂ ವೈರ್ ತಯಾರಿಸುವ ಕಂಪನಿಗಳನ್ನೆಲ್ಲ ಒಟ್ಟಾಗಿ ಕೋರ್ಟಿಗೆಳೆದು ಸಂತ್ರಸ್ತರಿಗೆ ಕೋಟಿಗಟ್ಟಲೆ ಡಾಲರ್ ಕೊಡಿಸಿದರು. ಕ್ರಿಮಿನಲ್ ಮೊಕದ್ದಮೆ ಮಾತ್ರ ಯಾರ ಮೇಲೂ ಹೂಡಲಿಲ್ಲ. 1978ರಲ್ಲಿ ಗ್ರ್ಯಾಂಡ್ ಜ್ಯೂರಿ ಯಾರನ್ನೂ ಆರೋಪಿಯೆನ್ನದೆ ಕೈತೊಳೆದುಕೊಂಡಿತು.

ಸಂಶಯಕ್ಕೆ ನೀರೆರೆದದ್ದು ಈ ಕೈತೊಳೆಯುವಿಕೆಯೇ ಎಂದು ನನಗನ್ನಿಸುತ್ತದೆ. 165 ಸಾವಿಗೆ ಒಬ್ಬನೂ ಹೊಣೆಯಲ್ಲ ಎಂದರೆ ಹಳೆಯ ಖಳನಾಯಕನನ್ನು ಜನ ಹುಡುಕಿ ತರುತ್ತಾರೆ. ಆ ದಿನ ಜೀಬ್ರಾ ರೂಮಿನಲ್ಲಿ ಅಪರಿಚಿತ ಕೆಲಸಗಾರರು ಓಡಾಡುತ್ತಿದ್ದರೆಂದು ಕೆಲವು ಮಾಜಿ ಸಿಬ್ಬಂದಿ ವರ್ಷಗಳ ನಂತರ ಹೇಳಿದರು. ಕೆಂಟಕಿಯ ಆಗಿನ ಗವರ್ನರ್ ಸ್ಟೀವ್ ಬೆಶಿಯರ್ ಸಮಿತಿಯೊಂದನ್ನು ನೇಮಿಸಿ ಎಲ್ಲವನ್ನೂ ಪರಿಶೀಲಿಸಲು ಹೇಳಿದರು. ಊಹಾಪೋಹದ ರಾಶಿಯಲ್ಲಿ ಸಾಕ್ಷ್ಯ ಎನ್ನುವಂಥದ್ದು ಏನೂ ಸಾಲದು, ಮರುತನಿಖೆ ಬೇಡ ಎಂದು ಸಮಿತಿ 2009ರಲ್ಲಿ ವರದಿ ಕೊಟ್ಟಿತು. ಮರುತನಿಖೆಗೆ ಆಗ್ರಹಿಸಿದವರು ಅದನ್ನೂ ಒಪ್ಪಲಿಲ್ಲ.