ಒಂದು ಟ್ಯೂಬಿನಲ್ಲಿ ಸೊನ್ನೆ, ಇನ್ನೊಂದರಲ್ಲಿ 107

ಪಾಯ್ಸನ್ ಡಿಸ್ಟ್ರಿಬ್ಯೂಷನ್ ಅಂದರೆ ನಮಗೆಲ್ಲ ನೆನಪಿರೋದು ಒಂದೇ ಸಾಲು: ಮೀನ್ ಮತ್ತು ವೇರಿಯನ್ಸ್ ಎರಡೂ ಸಮ. ಪರೀಕ್ಷೆಯಲ್ಲಿ ಬರೆದು ಮರೆತುಬಿಡ್ತೀವಿ. ಆದರೆ 1943ರಲ್ಲಿ ಇದೇ ಸಾಲನ್ನು ಹಿಡಿದುಕೊಂಡು ಇಬ್ಬರು ವಿಜ್ಞಾನಿಗಳು ಬ್ಯಾಕ್ಟೀರಿಯಾ ಬಗೆಗಿನ ಒಂದು ಹಳೇ ಜಗಳವನ್ನು ಬಗೆಹರಿಸಿದರು.

ಬ್ಯಾಕ್ಟೀರಿಯಾಗೂ ವೈರಸ್ ತಗಲುತ್ತೆ. ಅಂಥ ವೈರಸ್‌ಗೆ ಫೇಜ್ ಅಂತ ಹೆಸರು. ಅದು ಬ್ಯಾಕ್ಟೀರಿಯಾದ ಮೈಮೇಲೆ ಕೂತು ತನ್ನ ಡಿಎನ್‌ಎಯನ್ನು ಒಳಗೆ ತೂರಿಸುತ್ತದೆ. ಆಮೇಲೆ ಕೋಶದ ಕಾರ್ಖಾನೆಯೆಲ್ಲ ಫೇಜ್ ತಯಾರಿಸೋ ಕೆಲಸಕ್ಕೇ. ಸ್ವಲ್ಪ ಹೊತ್ತಿಗೆ ಕೋಶ ಒಡೆದು ಹೊಸ ಫೇಜ್‌ಗಳು ಹೊರಗೆ ಬರುತ್ತವೆ. ಇ. ಕೋಲೈ ಬೆಳೆದು ಮಬ್ಬಾಗಿರುವ ಟ್ಯೂಬಿಗೆ ಫೇಜ್ ಹಾಕಿದರೆ ಕೆಲವೇ ಗಂಟೆಗಳಲ್ಲಿ ದ್ರವ ತಿಳಿಯಾಗಿಬಿಡುತ್ತದೆ. ಕಥೆ ಅಲ್ಲಿಗೇ ಮುಗೀಬೇಕಿತ್ತು. ಆದರೆ ಹಾಗೇ ಬಿಟ್ಟರೆ ಅದು ಮತ್ತೆ ಮಬ್ಬಾಗುತ್ತದೆ! ಯಾರೋ ಕೆಲವರು ಬದುಕಿಕೊಂಡಿದ್ದಾರೆ. ಅವರ ಮಕ್ಕಳು ಮೊಮ್ಮಕ್ಕಳಿಗೂ ಆ ಫೇಜ್ ಏನೂ ಮಾಡಲಾರದು.

ಇವು ಫೇಜ್ ಬಂದ ಮೇಲೆ ಬದಲಾದವಾ, ಇಲ್ಲಾ ಮುಂಚೆನೇ ಹಾಗಿದ್ದವಾ? ಪರೀಕ್ಷಿಸಬೇಕು ಅಂದರೆ ಫೇಜ್ ಹಾಕಲೇಬೇಕು, ಹಾಕಿದ ಮೇಲೆ ಯಾವುದು ಮೊದಲಾಯ್ತು ಅಂತ ಗೊತ್ತಾಗಲ್ಲ. ಪ್ರಿಂಟ್ ಸ್ಟೇಟ್‌ಮೆಂಟ್ ಹಾಕಿದ ಕೂಡಲೇ ಮಾಯವಾಗೋ ಬಗ್ ಥರ.

ಇಟಲಿ ಬಿಟ್ಟು ಅಮೆರಿಕ ಸೇರಿದ್ದ ಸಾಲ್ವಡೋರ್ ಲೂರಿಯಾ ಆಗ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದರು. ಒಂದು ಡಾನ್ಸ್ ಪಾರ್ಟಿಯಲ್ಲಿ ಸಹೋದ್ಯೋಗಿಯೊಬ್ಬರು ಸ್ಲಾಟ್ ಮೆಷಿನ್‌ಗೆ ನಾಣ್ಯ ಹಾಕ್ತಾ ಇದ್ದಿದ್ದನ್ನು ನೋಡ್ತಾ ನಿಂತಿದ್ದರು. ಹೆಚ್ಚಿನ ಸಲ ಏನೂ ಇಲ್ಲ, ಅಪರೂಪಕ್ಕೊಮ್ಮೆ ಜಾಕ್‌ಪಾಟ್. ಆಗಲೇ ಅವರಿಗೆ ದಾರಿ ಹೊಳೆದಿದ್ದು. ಗಣಿತವನ್ನು ಭೌತವಿಜ್ಞಾನಿ ಮ್ಯಾಕ್ಸ್ ಡೆಲ್‌ಬ್ರುಕ್ ನೋಡಿಕೊಂಡರು.

ಉಪಾಯ ಇಷ್ಟೇ. ತುಂಬಾ ಟ್ಯೂಬುಗಳಲ್ಲಿ ಸ್ವಲ್ಪ ಸ್ವಲ್ಪ ಬ್ಯಾಕ್ಟೀರಿಯಾ ಹಾಕಿ, ಬೇರೆ ಬೇರೆಯಾಗಿಯೇ ಕೋಟಿಗಟ್ಟಲೆ ಆಗುವವರೆಗೆ ಬೆಳೆಸೋದು. ಕೊನೆಗೆ ಒಂದೊಂದನ್ನೂ ಫೇಜ್ ಬಳಿದ ಪ್ಲೇಟಿಗೆ ಹಾಕಿ ಬದುಕಿದವನ್ನು ಎಣಿಸೋದು. ಫೇಜ್ ಸೋಕಿದ ಮೇಲೆಯೇ ಬದಲಾವಣೆ ಆಗೋದಾದರೆ ಎಲ್ಲ ಟ್ಯೂಬಿಗೂ ಒಂದೇ ಅದೃಷ್ಟ. ಲೆಕ್ಕ ಪಾಯ್ಸನ್ ಪ್ರಕಾರ ಬರಬೇಕು. ಬೆಳೆಯುವಾಗಲೇ ಮ್ಯೂಟೇಷನ್ ಆಗೋದಾದರೆ ಹಾಗಲ್ಲ. ಕೊನೇ ವಿಭಜನೆಯಲ್ಲಿ ಆದರೆ ಬದುಕೋದು ಒಂದೇ. ಅದಕ್ಕೆ ಏಳು ತಲೆಮಾರು ಮುಂಚೆ ಆಗಿದ್ದರೆ 128. ಅದೇ ಜಾಕ್‌ಪಾಟ್.

ಒಂದು ಪ್ರಯೋಗದಲ್ಲಿ 20 ಟ್ಯೂಬುಗಳಿದ್ದವು. 11ರಲ್ಲಿ ಸೊನ್ನೆ. ಐದಾರರಲ್ಲಿ 1, 3, 5, 6 ಹೀಗೆ. ಮೂರರಲ್ಲಿ ಮಾತ್ರ 35, 64, 107. ನಾವೇ ಕ್ಯಾಲ್ಕುಲೇಟರ್ ಹಿಡಿದು ನೋಡಿದೆವು: ಮೀನ್ 11.35, ವೇರಿಯನ್ಸ್ 700ಕ್ಕೂ ಮೇಲೆ. ಪಾಯ್ಸನ್ ಹತ್ತಿರಕ್ಕೂ ಬರಲ್ಲ. ಪ್ಲೇಟ್ ಹಾಕೋದರಲ್ಲೇ ಏನೋ ಎಡವಟ್ಟಾಗಿರಬಹುದಲ್ಲ ಅಂತ ನಮಗೂ ಅನ್ನಿಸಿತ್ತು. ಅದಕ್ಕೂ ಅವರಲ್ಲಿ ಉತ್ತರ ಇತ್ತು: ಒಂದೇ ಟ್ಯೂಬಿನಿಂದ ಹಲವು ಸ್ಯಾಂಪಲ್ ತೆಗೆದು ಎಣಿಸಿದಾಗ ಮೀನ್, ವೇರಿಯನ್ಸ್ ಹೆಚ್ಚುಕಮ್ಮಿ ಸಮ ಬಂದವು. ಅಂದರೆ ವ್ಯತ್ಯಾಸ ಇದ್ದಿದ್ದು ಟ್ಯೂಬುಗಳ ಹಳೇ ಚರಿತ್ರೆಯಲ್ಲೇ. ಬದುಕಿದವರು ಫೇಜ್ ಬರೋಕೆ ಮುಂಚೆನೇ ಅಲ್ಲಿದ್ದರು.

ಅವರಲ್ಲಿ ಬದಲಾಗಿದ್ದೇನು? ಅವರು ಬಳಸಿದ ಟಿ1 ಫೇಜ್ ಕೂರೋದು ಕೋಶದ ಹೊರಪೊರೆಯ ಒಂದು ಪ್ರೋಟೀನ್ ಮೇಲೆ. ಬ್ಯಾಕ್ಟೀರಿಯಾ ಅದನ್ನು ಇಟ್ಟುಕೊಂಡಿರೋದು ಕಬ್ಬಿಣ ಒಳಗೆ ತಗೊಳ್ಳೋಕೆ, ಪಾಪ. ಆ ಜೀನ್ ಕೆಟ್ಟರೆ ಫೇಜ್‌ಗೆ ಬಾಗಿಲು ಸಿಗಲ್ಲ.

‘ಪದೇ ಪದೇ ಆ್ಯಂಟಿಬಯಾಟಿಕ್ ತಗೊಂಡ್ರೆ ಕ್ರಿಮಿಗೆ ಅಭ್ಯಾಸ ಆಗ್ಬಿಡುತ್ತೆ’ ಅಂತ ಮನೆಯಲ್ಲಿ ಹೇಳ್ತಾರಲ್ಲ, ಅಲ್ಲೂ ಇದೇ ಪ್ರಶ್ನೆ. 1952ರಲ್ಲಿ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ ಸ್ಟ್ರೆಪ್ಟೊಮೈಸಿನ್ ಮುಟ್ಟದೇ ಇದ್ದ ಬ್ಯಾಕ್ಟೀರಿಯಾಗಳಲ್ಲೇ ಅದನ್ನು ತಡೆಯುವವು ಇರುತ್ತವೆ ಅಂತ ತೋರಿಸಿದರು. ಔಷಧಿ ಕಲಿಸಲ್ಲ, ಉಳಿದವರನ್ನು ಕೊಂದು ಇವಕ್ಕೆ ಜಾಗ ಬಿಟ್ಟುಕೊಡುತ್ತೆ.

ಹಾಗಂತ ಬ್ಯಾಕ್ಟೀರಿಯಾ ಏನೂ ಕಲಿಯೋದೇ ಇಲ್ಲ ಅನ್ನೋ ಹಾಗೂ ಇಲ್ಲ. ಯೋಗರ್ಟ್ ಮಾಡೋಕೆ ಬಳಸುವ ಒಂದು ಬ್ಯಾಕ್ಟೀರಿಯಾ, ಫೇಜ್‌ನ ಡಿಎನ್‌ಎ ತುಣುಕನ್ನು ತನ್ನ ಡಿಎನ್‌ಎಯಲ್ಲೇ ಸೇರಿಸಿಟ್ಟುಕೊಂಡು ಮುಂದಿನ ಸಲ ಗುರುತು ಹಿಡಿಯುತ್ತದೆ ಅಂತ 2007ರಲ್ಲಿ ಗೊತ್ತಾಯಿತು. ಅದೇ ಈಗ ಎಲ್ಲರ ಬಾಯಲ್ಲಿರುವ ಕ್ರಿಸ್ಪರ್. ಲೂರಿಯಾ ಟ್ಯೂಬುಗಳಲ್ಲಿ ನಡೆದಿದ್ದು ಮಾತ್ರ ಅದಲ್ಲ, ಬರೀ ಬಾಗಿಲು ಕೆಟ್ಟಿದ್ದು.